ಟಿಪ್ಪು ಸುಲ್ತಾನನ ಶವಶೋಧ: ಡೇವಿಡ್ ವಿಲ್ಕಿಯ ತೈಲಚಿತ್ರ

ಸ್ಕಾಟ್ಲೆಂಡಿನ ಚಿತ್ರಕಾರ ಸರ್ ಡೇವಿಡ್ ವಿಲ್ಕಿ (1785-1841) 1839ರಲ್ಲಿ ಬರೆದು ಮುಗಿಸಿದ ಬೃಹತ್ ತೈಲಚಿತ್ರ. ಶ್ರೀರಂಗಪಟ್ಟಣದ ಕೋಟೆ ಬಿದ್ದ 1799ರ ಮೇ 4ರ ಸಂಜೆ, ದಾಳಿಯ ನಾಯಕ ಜನರಲ್ ಡೇವಿಡ್ ಬೇರ್ಡ್ ಹೆಣಗಳ ರಾಶಿಯ ನಡುವೆ ಟಿಪ್ಪು ಸುಲ್ತಾನನ ದೇಹವನ್ನು ಕಂಡ ಗಳಿಗೆ ಇದರ ವಸ್ತು. ಚಿತ್ರ ಎಡಿನ್‌ಬರೊದ ಸ್ಕಾಟ್ಲೆಂಡ್ ರಾಷ್ಟ್ರೀಯ ಚಿತ್ರಶಾಲೆಗಳ ಸಂಗ್ರಹದಲ್ಲಿದೆ. ಎತ್ತರ 11 ಅಡಿಗೂ ಮಿಕ್ಕಿದ್ದು, ಅಗಲ 9 ಅಡಿಗೆ ಸಮೀಪ. ಅದರೊಳಗಿನ ಬೇರ್ಡ್ ನೋಡುಗನ ಆಳೆತ್ತರವನ್ನು ಮೀರಿ ನಿಲ್ಲುತ್ತಾನೆ. ಕನ್ನಡ ನಾಡಿನ ನೆಲದಲ್ಲಿ ನಡೆದ ಘಟನೆಯನ್ನು ವಸ್ತುವಾಗಿಸಿಕೊಂಡ ವಿಕ್ಟೋರಿಯಾ ಕಾಲದ ಕಥನಚಿತ್ರಗಳಲ್ಲಿ ಇದಕ್ಕಿಂತ ಮಹತ್ವದ್ದು ಇನ್ನೊಂದಿಲ್ಲ. ಇದನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಚಿತ್ರದ ಜೊತೆಗೆ ಇಟ್ಟು ನೋಡಬೇಕು. ಒಂದೇ ಕಥೆಯ ಎರಡು ತುದಿಗಳನ್ನು ಎರಡು ಪಕ್ಷದವರು ಬರೆಸಿಟ್ಟಿದ್ದಾರೆ. ಎರಡೂ ಚಿತ್ರಗಳನ್ನು ನೋಡದೆ ಯಾವುದೊಂದೂ ಪೂರ್ತಿ ಅರ್ಥವಾಗುವುದಿಲ್ಲ.

ಚಿತ್ರದ ರಚನೆ

ಕತ್ತಲೆ ಕವಿದ ಕೋಟೆಬಾಗಿಲು. ಕಮಾನಿನ ಕೆಳಗೆ, ಚಿತ್ರದ ನಟ್ಟನಡುವೆ, ಕೆಂಪು ಅಂಗಿಯ ಬೇರ್ಡ್ ನೆಟ್ಟಗೆ ನಿಂತಿದ್ದಾನೆ. ಕೈಯಲ್ಲಿ ಹಿರಿದ ಕತ್ತಿ. ಸುತ್ತ ಸ್ಕಾಟಿಷ್ ಸೈನಿಕರು. ಅವನ ಕಾಲಬಳಿ, ದೀಪದ ಬೆಳಕು ಬೀಳುವಲ್ಲಿ ಟಿಪ್ಪುವಿನ ದೇಹ. ಅದರ ಮೇಲೆ ಬಾಗಿ ಗುರುತು ಹಿಡಿಯುತ್ತಿರುವ ದೇಶೀಯರು. ಇಡೀ ಚಿತ್ರ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಗೆದ್ದವನು ಎತ್ತರದಲ್ಲಿ, ಸತ್ತವನು ನೆಲದಲ್ಲಿ, ಅವರಿಬ್ಬರ ನಡುವೆ ಅಳುವವರು ಮತ್ತು ಬೆರಗಿನಿಂದ ನೋಡುವವರು. ಶ್ರೀರಂಗಪಟ್ಟಣದ ವಿಜಯಕ್ಕಾಗಿ ಈಸ್ಟ್ ಇಂಡಿಯಾ ಕಂಪನಿ ಸೈನಿಕರಿಗೆ ಹಂಚಿದ ಪದಕದ ಮೇಲೂ ಇದೇ ಜೋಡಣೆಯಿದೆ: ಸಿಂಹವೊಂದು ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ಹುಲಿ ಟಿಪ್ಪುವಿನ ಲಾಂಛನ, ಸಿಂಹ ಬ್ರಿಟನ್ನಿನದು. ವಿಲ್ಕಿ ಆ ಸಂಕೇತವನ್ನೇ ಮನುಷ್ಯರ ಮೈಯಲ್ಲಿ ಮತ್ತೆ ಬರೆದಂತಿದೆ.

ಆದರೂ ಚಿತ್ರದ ಕೀಲಿ ಇರುವುದು ಇನ್ನೂ ಕೆಳಗೆ. ಬೇರ್ಡನ ಪಾದಗಳ ಅಡಿಯಲ್ಲಿ ಕಬ್ಬಿಣದ ಸಲಾಕೆಗಳ ಒಂದು ಕಿಂಡಿಯಿದೆ. ಅವಸರದಲ್ಲಿ ನೋಡುವವರಿಗೆ ಅದು ಕಟ್ಟಡದ ಒಂದು ಭಾಗವಾಗಿ ಕಂಡು ಕಣ್ಣು ತಪ್ಪಿಸಿಕೊಳ್ಳುತ್ತದೆ. ಅದು ನೆಲಮಾಳಿಗೆಯ ಸೆರೆಮನೆಯ ಕಿಂಡಿ. ಇದೇ ಊರಿನಲ್ಲಿ ಬೇರ್ಡ್ ಮೂರೂವರೆ ವರ್ಷಕ್ಕೂ ಮೇಲ್ಪಟ್ಟು ಸೆರೆಯಾಳಾಗಿದ್ದ. 1839ರ ಲಂಡನ್ನಿನ ನೋಡುಗನಿಗೆ ಆ ಕಥೆ ಗೊತ್ತಿತ್ತು. ಆ ಕಿಂಡಿಯೊಂದು ಇಲ್ಲದಿದ್ದರೆ ಇದು ಯುದ್ಧ ಗೆದ್ದ ಸೇನಾಪತಿಯೊಬ್ಬನ ಭಾವಚಿತ್ರವಾಗುತ್ತಿತ್ತು. ಕಿಂಡಿ ಇರುವುದರಿಂದ ಇಪ್ಪತ್ತು ವರ್ಷಗಳ ಕಥೆ ಒಂದೇ ಚೌಕಟ್ಟಿಗೆ ಬಂದಿದೆ. ಕಥನಚಿತ್ರವೆಂದು ಕರೆಯುವುದು ಇಂಥದ್ದನ್ನೇ: ಒಂದು ಗಳಿಗೆಯನ್ನು ಮಾತ್ರ ತೋರಿಸಿ, ಹಿಂದಿನದನ್ನೂ ಮುಂದಿನದನ್ನೂ ನೋಡುವವನೇ ಹೇಳಿಕೊಳ್ಳುವಂತೆ ಮಾಡುವ ಕಲೆ.

ಪೊಳ್ಳಿಲೂರಿನಿಂದ ಶ್ರೀರಂಗಪಟ್ಟಣಕ್ಕೆ

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪದ ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪು ಕಂಪನಿಯ ಒಂದು ಸೈನ್ಯವನ್ನು ಸುತ್ತುವರಿದು ನಾಶ ಮಾಡಿದರು. ಕಂಪನಿಗೆ ಭಾರತದಲ್ಲಿ ಅದುವರೆಗೆ ಅಂಥ ಸೋಲು ಆಗಿರಲಿಲ್ಲ. ಸೈನ್ಯದ ನಾಯಕ ಕರ್ನಲ್ ಬೇಯ್ಲಿ ಶರಣಾದ. ಹೈಲ್ಯಾಂಡರ್ ಪಡೆಯ ತರುಣ ಕ್ಯಾಪ್ಟನ್ ಬೇರ್ಡ್ ಗಾಯಗೊಂಡು ಸಿಕ್ಕಿಬಿದ್ದ. ಇಬ್ಬರನ್ನೂ ಶ್ರೀರಂಗಪಟ್ಟಣಕ್ಕೆ ತಂದು ಸೆರೆಯಲ್ಲಿಟ್ಟರು. ಬೇಯ್ಲಿ 1782ರಲ್ಲಿ ಅಲ್ಲೇ ತೀರಿಕೊಂಡ. ಕೋಟೆಯೊಳಗಿನ ಸೆರೆಮನೆಯೊಂದಕ್ಕೆ ಇಂದಿಗೂ ಅವನ ಹೆಸರೇ ಉಳಿದಿದೆ. ಸೆರೆಯಾಳುಗಳನ್ನು ಇಬ್ಬಿಬ್ಬರಂತೆ ಸರಪಳಿಯಲ್ಲಿ ಬಿಗಿದಿದ್ದಾರೆಂಬ ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿದಾಗ ಬೇರ್ಡನ ತಾಯಿ ತನ್ನ ಮಗನ ಜೊತೆ ಕಟ್ಟುಬಿದ್ದವನ ಪಾಡಿಗೆ ಮರುಗಿದಳಂತೆ. ಮಗನ ಮುಂಗೋಪ ಅವಳಿಗೆ ಗೊತ್ತಿತ್ತು. ಬೇರ್ಡನ ಬಗ್ಗೆ ಬರೆದವರೆಲ್ಲ ಈ ಕಥೆಯನ್ನು ಬಿಡದೆ ಹೇಳಿದ್ದಾರೆ. 1784ರ ಮಾರ್ಚಿನಲ್ಲಿ ಮಂಗಳೂರು ಒಪ್ಪಂದವಾದ ಮೇಲೆ ಅವನಿಗೆ ಬಿಡುಗಡೆಯಾಯಿತು.

1799ರ ಮುತ್ತಿಗೆಯಲ್ಲಿ ಕೋಟೆಗೆ ನುಗ್ಗುವ ಪಡೆಯ ನಾಯಕತ್ವವನ್ನು ಬೇರ್ಡ್ ತಾನೇ ಕೇಳಿ ಪಡೆದ. ಮೇ 4ರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ, ಕಾವೇರಿಯಲ್ಲಿ ನೀರು ಕಡಿಮೆಯಿದ್ದಾಗ, ವಾಯವ್ಯ ಮೂಲೆಯ ಒಡೆದ ಗೋಡೆಯ ಕಡೆಯಿಂದ ದಾಳಿ ನಡೆಯಿತು. ಸಂಜೆಯೊಳಗೆ ಕೋಟೆ ಬಿತ್ತು. ಅರಮನೆಯಲ್ಲಿ ಹುಡುಕಿದರೆ ಸುಲ್ತಾನ ಇರಲಿಲ್ಲ. ಕೋಟೆಬಾಗಿಲೊಂದರ ಬಳಿ ಅವನು ಗಾಯಗೊಂಡು ಬಿದ್ದಿದ್ದಾನೆಂದು ಕಿಲ್ಲೇದಾರ ತಿಳಿಸಿದ. ಕತ್ತಲಾಗಿತ್ತು; ಕಮಾನಿನ ಕೆಳಗೆ ಹೆಣಗಳು ಒಂದರ ಮೇಲೊಂದು ಬಿದ್ದಿದ್ದವು. ದೀಪ ತರಿಸಿ ಹುಡುಕಿದರು. ಗಾಯಗೊಂಡು ಅಲ್ಲೇ ಬಿದ್ದಿದ್ದ ಸುಲ್ತಾನನ ಆಪ್ತ ಸೇವಕ ರಾಜಾ ಖಾನ್ ಒಡೆಯ ಬಿದ್ದ ಜಾಗವನ್ನು ತೋರಿಸಿದ.

ಅಂದು ಅಲ್ಲಿದ್ದ ಮೇಜರ್ ಅಲೆನ್ ಬರೆದಿಟ್ಟ ವರದಿ ವಿಲ್ಕಿಯ ಚಿತ್ರವನ್ನು ಒರೆಗೆ ಹಚ್ಚಲು ಸಿಗುವ ಒಳ್ಳೆಯ ಆಧಾರ. ದೇಹವನ್ನು ಹೊರಗೆ ತಂದಾಗ ಕಣ್ಣು ತೆರೆದಿದ್ದವು, ಮೈ ಬೆಚ್ಚಗಿತ್ತು. ಬದುಕಿದ್ದಾನೋ ಎಂಬ ಅನುಮಾನ ಬಂದು ನಾಡಿಯನ್ನೂ ಎದೆಯನ್ನೂ ಮುಟ್ಟಿ ನೋಡಬೇಕಾಯಿತು. ಮೈಮೇಲೆ ಮೂರು ಗಾಯ, ಕಣತಲೆಯ ಹತ್ತಿರ ಒಂದು ಗುಂಡೇಟು. ಬಿಳಿಯ ನವಿರಾದ ಅಂಗಿ, ಹೂವಿನ ಚೀಟಿಬಟ್ಟೆಯ ಸಡಿಲ ಇಜಾರ, ಸೊಂಟಕ್ಕೆ ಕೆಂಪು ವಸ್ತ್ರ, ತೋಳಿನಲ್ಲಿ ತಾಯಿತ. ಪೇಟ ಎಲ್ಲೋ ಬಿದ್ದುಹೋಗಿತ್ತು. ಆಭರಣ ಒಂದೂ ಇರಲಿಲ್ಲ. ಆ ಹೊತ್ತಿನಲ್ಲಿ ಅಲೆನ್ ಜೊತೆ ದೇಹವನ್ನು ಪರೀಕ್ಷಿಸಿದ ಇನ್ನೊಬ್ಬ ಅಧಿಕಾರಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಾದವನು. ದೇಹವನ್ನು ಪಲ್ಲಕ್ಕಿಯಲ್ಲಿ ಅರಮನೆಗೆ ಸಾಗಿಸಿ, ಮರುದಿನ ಗುಂಬಜ಼್‌ನಲ್ಲಿ ಹೈದರಾಲಿಯ ಪಕ್ಕದಲ್ಲಿ ಮರ್ಯಾದೆಯಿಂದ ದಫನು ಮಾಡಿದರು.

ಚಿತ್ರ ಬರೆಸಿದವಳು

ಕೋಟೆ ಬಿದ್ದ ಮರುದಿನ ಊರಿನ ಆಡಳಿತ ಬೇರ್ಡನ ಕೈಯಿಂದ ವೆಲ್ಲೆಸ್ಲಿಯ ಕೈಗೆ ಹೋಯಿತು. ವೆಲ್ಲೆಸ್ಲಿ ಹುದ್ದೆಯಲ್ಲಿ ಬೇರ್ಡನಿಗಿಂತ ಕಿರಿಯ. ದಾಳಿಯ ಹೊತ್ತಿನಲ್ಲಿ ಮೀಸಲು ಪಡೆಯೊಂದಿಗೆ ಹಿಂದೆ ಉಳಿದಿದ್ದವನು. ಅವನ ಅಣ್ಣ ರಿಚರ್ಡ್ ವೆಲ್ಲೆಸ್ಲಿ ಆಗ ಗವರ್ನರ್ ಜನರಲ್. ಪ್ರಾಣದ ಹಂಗು ತೊರೆದು ನುಗ್ಗಿದವನು ತಾನು, ಅಧಿಕಾರ ಸಿಕ್ಕಿದ್ದು ಇನ್ನೊಬ್ಬನಿಗೆ ಎಂಬ ನೋವು ಬೇರ್ಡನಿಂದ ಕೊನೆಯವರೆಗೂ ಹೋಗಲಿಲ್ಲ. ಸೈನ್ಯ ಅವನಿಗೆ ಟಿಪ್ಪುವಿನ ಕತ್ತಿಯನ್ನು ಕಾಣಿಕೆಯಾಗಿ ಕೊಟ್ಟಿತು. ಮುಂದೆ 1801ರಲ್ಲಿ ಅವನು ಭಾರತದಿಂದ ಈಜಿಪ್ತಿಗೆ ಸೈನ್ಯ ಕರೆದೊಯ್ದ. 1809ರಲ್ಲಿ ಸ್ಪೇನಿನ ಕೊರುನ್ಯಾ ಯುದ್ಧದಲ್ಲಿ ಎಡತೋಳು ಕಳೆದುಕೊಂಡ. 1829ರಲ್ಲಿ ತೀರಿಕೊಂಡ.

ಅವನ ಹೆಂಡತಿ ಲೇಡಿ ಬೇರ್ಡ್, ಸ್ಕಾಟ್ಲೆಂಡಿನ ಪರ್ತ್‌ಶೈರಿನ ಒಂದು ಗುಡ್ಡದ ಮೇಲೆ ಗಂಡನ ನೆನಪಿಗೆ ಈಜಿಪ್ತ್ ಮಾದರಿಯ ಎತ್ತರದ ಕಲ್ಲುಕಂಬ ನಿಲ್ಲಿಸಿದಳು. ಕಾಗದಪತ್ರಗಳನ್ನು ಒದಗಿಸಿ ಥಿಯೊಡೋರ್ ಹುಕ್ ಎಂಬ ಲೇಖಕನಿಂದ ಎರಡು ಸಂಪುಟಗಳ ಜೀವನಚರಿತ್ರೆ ಬರೆಸಿದಳು; ಅದು 1832ರಲ್ಲಿ ಹೊರಬಂತು. ಮೂರನೆಯದಾಗಿ, 1830ರ ದಶಕದ ನಡುವೆ, ವಿಲ್ಕಿಗೆ ಈ ಚಿತ್ರ ಬರೆಯಲು ಹೇಳಿದಳು. ಕಂಬ, ಪುಸ್ತಕ, ಚಿತ್ರ ಮೂರೂ ಒಂದೇ ವಾದವನ್ನು ಮಂಡಿಸುತ್ತವೆ: ಶ್ರೀರಂಗಪಟ್ಟಣವನ್ನು ಗೆದ್ದವನು ತನ್ನ ಗಂಡ. ಅಷ್ಟರಲ್ಲಿ ವಾಟರ್ಲೂ ವಿಜಯದ ಪ್ರಭೆಯಲ್ಲಿ ವೆಲಿಂಗ್ಟನ್ ಇಡೀ ದೇಶದ ಕಣ್ಮಣಿಯಾಗಿದ್ದ. ಆ ಹೆಸರಿನ ಎದುರು ಬೇರ್ಡನ ಹೆಸರು ಮಸುಕಾಗುತ್ತಿತ್ತು. ಅಲೆನ್‌ನ ವರದಿಯಲ್ಲಿ ನಾಡಿ ಹಿಡಿದು ನೋಡಿದ ವೆಲ್ಲೆಸ್ಲಿಗೆ ವಿಲ್ಕಿಯ ಕಮಾನಿನ ಕೆಳಗೆ ಅಂಥ ಸ್ಥಾನ ಇಲ್ಲ. ಎಲ್ಲ ಬೆಳಕೂ ಬೇರ್ಡನ ಮೇಲೆ. ಈ ಚಿತ್ರವನ್ನು ಸಾಮ್ರಾಜ್ಯದ ಜಂಬವೆಂದಷ್ಟೇ ಓದುವವರು ಅದರೊಳಗಿನ ಈ ವಿಧವೆಯ ಅಹವಾಲನ್ನು ಕಾಣದೆ ಹೋಗುತ್ತಾರೆ. ಟಿಪ್ಪುವಿನ ದೇಹ ಇಲ್ಲಿ ಬ್ರಿಟಿಷರ ನಡುವಿನ ಒಂದು ಜಗಳಕ್ಕೆ ಸಾಕ್ಷಿಯಾಗಿ ಮಲಗಿದೆ ಎಂಬುದು ಕನ್ನಡದ ನೋಡುಗನಿಗೆ ಎದೆಗೆ ನಾಟುವ ಸಂಗತಿ.

ವಿಲ್ಕಿ

ಫೈಫ್ ಪ್ರಾಂತ್ಯದ ಕಲ್ಟ್ಸ್ ಎಂಬ ಹಳ್ಳಿಯ ಪಾದ್ರಿಯ ಮಗ ವಿಲ್ಕಿ. ಹೆಸರು ಮಾಡಿದ್ದು ಹಳ್ಳಿಗರ ಚಿತ್ರಗಳಿಂದ: ಊರ ಜಾತ್ರೆ, ಹೆಂಡದಂಗಡಿಯ ರಾಜಕೀಯದ ಮಾತು, ಕುರುಡ ಪಿಟೀಲುಗಾರ. ಹತ್ತಾರು ಮುಖಗಳನ್ನು ಒಂದೆಡೆ ಕೂರಿಸಿ ಪ್ರತಿಯೊಂದರಲ್ಲೂ ಬೇರೆ ಬೇರೆ ಭಾವ ಮೂಡಿಸುವುದರಲ್ಲಿ ಆ ಕಾಲದಲ್ಲಿ ಅವನಿಗೆ ಸಾಟಿಯಿರಲಿಲ್ಲ. ವಾಟರ್ಲೂ ಗೆಲುವಿನ ಸುದ್ದಿಯನ್ನು ಮುದುಕ ಸಿಪಾಯಿಗಳು ಓದಿಸಿ ಕೇಳುವ ಅವನ 1822ರ ಚಿತ್ರವನ್ನು ನೋಡಲು ರಾಯಲ್ ಅಕಾಡೆಮಿಯಲ್ಲಿ ಜನ ಎಷ್ಟು ಮುಗಿಬಿದ್ದರೆಂದರೆ ಚಿತ್ರದ ಮುಂದೆ ಅಡ್ಡಕಂಬಿ ಕಟ್ಟಬೇಕಾಯಿತು. ಅದನ್ನು 1,200 ಗಿನಿ ಕೊಟ್ಟು ಬರೆಸಿದವನು ವೆಲಿಂಗ್ಟನ್. ಅದೇ ಕುಂಚ ಹದಿನೇಳು ವರ್ಷಗಳ ಮೇಲೆ ಬೇರ್ಡನ ಪರವಾಗಿ ಮಾತಾಡಿತು.

1825ರಿಂದ 1828ರವರೆಗಿನ ಇಟಲಿ, ಸ್ಪೇನ್ ಪ್ರವಾಸ ಅವನ ಕೈಯನ್ನೇ ಬದಲಿಸಿತು. ಸಣ್ಣ ಸಣ್ಣ ವಿವರಗಳ ನೇಯ್ಗೆ ಹೋಗಿ ಅಗಲವಾದ ಕುಂಚದ ಎಳೆತ, ದಟ್ಟ ನೆರಳು, ಅದನ್ನು ಸೀಳಿ ಬರುವ ಬೆಳಕು ಬಂದವು. ವೆಲಾಸ್ಕೆಜ್ ಮತ್ತು ಮುರಿಲ್ಯೊ ಅವನ ಹೊಸ ಗುರುಗಳಾದರು. ಶವಶೋಧದ ಚಿತ್ರ ಈ ಎರಡನೆಯ ವಿಲ್ಕಿಯದು. ಟಿಪ್ಪುವಿನ ದೇಹವನ್ನು ಅವನು ಬರೆದ ರೀತಿಯಲ್ಲಿ ತಿರಸ್ಕಾರದ ಸುಳಿವೂ ಇಲ್ಲ. ಶಿಲುಬೆಯಿಂದ ಇಳಿಸಿದ ಕ್ರಿಸ್ತನನ್ನು ಇಟಲಿಯ ಚಿತ್ರಕಾರರು ಬರೆಯುತ್ತಿದ್ದ ಬಗೆ ನೆನಪಿಗೆ ಬರುತ್ತದೆ: ಅದೇ ಜೋಲುವ ಭಾರ, ಅದೇ ಸುತ್ತುವರಿದ ಶೋಕ. ಬರೆಸಿದವಳು ಕೇಳಿದ್ದು ಗಂಡನ ಗೆಲುವನ್ನು. ಚಿತ್ರಕಾರನ ಮನಸ್ಸು ಮಾತ್ರ ನೆಲದ ಮೇಲಿನ ಮನುಷ್ಯನ ಕಡೆಗೂ ಹರಿದಿದೆ. ಮೇಲೆ ನಿಂತ ಬೇರ್ಡ್ ನಾಟಕದ ಪಾತ್ರದಂತೆ ಸೆಟೆದಿದ್ದರೆ, ಕೆಳಗಿನ ಗುಂಪಿನಲ್ಲಿ ಜೀವವಿದೆ. ಹಳ್ಳಿಗರ ಮುಖ ಬರೆದು ಪಳಗಿದ ಕೈ ಅಲ್ಲಿ ಕಾಣುತ್ತದೆ.

ಚಿತ್ರ 1839ರ ರಾಯಲ್ ಅಕಾಡೆಮಿ ಪ್ರದರ್ಶನದಲ್ಲಿ ತೂಗಿತು. ಟರ್ನರನ ‘ಫೈಟಿಂಗ್ ಟೆಮರೇರ್’ ಜನ ಕಂಡದ್ದೂ ಅದೇ ಪ್ರದರ್ಶನದಲ್ಲಿ. ಮರುವರ್ಷ ವಿಲ್ಕಿ ಇಸ್ತಾಂಬುಲ್, ಜೆರುಸಲೇಂ, ಈಜಿಪ್ತುಗಳಿಗೆ ಹೋದ. ಹಿಂತಿರುಗುವಾಗ 1841ರ ಜೂನ್ 1ರಂದು ಜಿಬ್ರಾಲ್ಟರ್ ಬಳಿ ಹಡಗಿನಲ್ಲೇ ಸತ್ತ. ಅವನನ್ನು ಕಡಲಿಗೆ ಒಪ್ಪಿಸಿದ ದೃಶ್ಯವನ್ನು ಟರ್ನರ್ ಕರಿ ಹಾಯಿಗಳ ಚಿತ್ರವಾಗಿ ಬರೆದಿದ್ದಾನೆ.

ಇದೇ ವಸ್ತುವಿನ ಬೇರೆ ಚಿತ್ರಗಳು

ವಿಲ್ಕಿ ಮೊದಲಿಗನಲ್ಲ. ಕೋಟೆ ಬಿದ್ದ ಸುದ್ದಿ ಲಂಡನ್ನಿಗೆ ಮುಟ್ಟಿದ ಕೂಡಲೆ ಚಿತ್ರಕಾರರು ವಸ್ತುವಿನ ಮೇಲೆ ಬಿದ್ದರು. 1800ರಲ್ಲಿ ತರುಣ ರಾಬರ್ಟ್ ಕೆರ್ ಪೋರ್ಟರ್ ಸುಮಾರು 120 ಅಡಿ ಉದ್ದದ ದಾಳಿಚಿತ್ರ ಬರೆದು ಲಂಡನ್ನಿನಲ್ಲಿ ಟಿಕೆಟ್ಟಿಟ್ಟು ತೋರಿಸಿದ. ಹೆನ್ರಿ ಸಿಂಗಲ್ಟನ್ ಟಿಪ್ಪುವಿನ ಕೊನೆಯ ಹೋರಾಟವನ್ನೂ, ಆರ್ಥರ್ ವಿಲಿಯಂ ಡೆವಿಸ್ ಶವ ಸಿಕ್ಕಿದ್ದನ್ನೂ ಬರೆದರು. ಇವರಲ್ಲಿ ಸಿಂಗಲ್ಟನ್‌ಗೆ ಟಿಪ್ಪು ಕತ್ತಿ ಹಿಡಿದು ಕಾದಾಡುವ ವೀರ. ನಮ್ಮ ಲಾವಣಿಕಾರರ ಟಿಪ್ಪುವಿಗೆ ಹತ್ತಿರದವನು. ನಲವತ್ತು ವರ್ಷ ಕಳೆದು ಬಂದ ವಿಲ್ಕಿಗೆ ಕಾದಾಟ ಮುಗಿದಿದೆ, ಸದ್ದು ಅಡಗಿದೆ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಆಗಿನ್ನೂ ಎರಡೇ ವರ್ಷ. ಭಾರತವನ್ನು ಗೆಲ್ಲುವ ಆತಂಕ ಕಳೆದು, ಗೆದ್ದದ್ದನ್ನು ಚರಿತ್ರೆಯಾಗಿ ನೆನೆಯುವ ಹೊತ್ತು ಬಂದಿತ್ತು.

ದರಿಯಾ ದೌಲತ್‌ನ ಗೋಡೆ

ಈಗ ಕಥೆಯ ಇನ್ನೊಂದು ತುದಿ. ಟಿಪ್ಪು 1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ತುಂಬ ಪೊಳ್ಳಿಲೂರಿನ ಯುದ್ಧ ಹರಡಿದೆ. ನಡುವೆ ಕೆಂಪು ಅಂಗಿಯ ಕಂಪನಿ ಸಿಪಾಯಿಗಳು ಚೌಕಾಕಾರದಲ್ಲಿ ಒತ್ತೊತ್ತಾಗಿ ನಿಂತಿದ್ದಾರೆ. ಅವರ ಮದ್ದಿನ ಬಂಡಿ ಸಿಡಿಯುತ್ತಿದೆ. ಪಲ್ಲಕ್ಕಿಯಲ್ಲಿ ಗಾಯಾಳು ಬೇಯ್ಲಿ ಬೆರಳು ಕಚ್ಚುತ್ತ ಕುಳಿತಿದ್ದಾನೆ. ಎರಡೂ ಕಡೆಯಿಂದ ಮೈಸೂರಿನ ಕುದುರೆಗಳು ಅಲೆಯಲೆಯಾಗಿ ಒತ್ತಿಬರುತ್ತಿವೆ. ಹೈದರ್ ಮತ್ತು ಟಿಪ್ಪು ಆನೆಯ ಮೇಲೆ ನೆಮ್ಮದಿಯಿಂದ ಸಾಗುತ್ತಿದ್ದಾರೆ. ನೆರಳು ಬೆಳಕಿನ ಆಟ ಇಲ್ಲಿ ಇಲ್ಲ. ಕೊಪ್ಪಳ ಸೀಮೆಯವರಿಗೆ ಕಿನ್ನಾಳದ ಚಿತ್ರಗಾರರ ಕೆಲಸದಿಂದ ಪರಿಚಿತವಾದ ಬಗೆಯಲ್ಲೇ, ಬಣ್ಣಗಳು ಮಿಶ್ರವಿಲ್ಲದೆ ಸಪಾಟಾಗಿ ತುಂಬಿವೆ. ಒಬ್ಬನ ಮೇಲೆ ಕಣ್ಣು ನಿಲ್ಲುವುದಿಲ್ಲ. ಗೋಡೆಯುದ್ದಕ್ಕೂ ನಡೆಯುತ್ತ ಓದಬೇಕು.

ವಿಲ್ಕಿಯ ಚಿತ್ರದಲ್ಲಿ ಬೇರ್ಡನ ಕಾಲಡಿಯ ಕಿಂಡಿಗೆ ಕಾರಣವಾದ ದಿನ ಈ ಗೋಡೆಯ ಮೇಲಿದೆ. ಗೋಡೆಯನ್ನು ಬರೆಸಿದ ದೊರೆ ವಿಲ್ಕಿಯ ಚಿತ್ರದಲ್ಲಿ ಹೆಣವಾಗಿದ್ದಾನೆ. ಗೋಡೆಯಲ್ಲಿ ಸೋತು ನಿಂತ ಪಡೆಯ ಕ್ಯಾಪ್ಟನ್ ಆ ಚಿತ್ರದಲ್ಲಿ ಕತ್ತಿ ಹಿಡಿದಿದ್ದಾನೆ. ಮುತ್ತಿಗೆಯೊಂದಕ್ಕೆ ಮೊದಲು ಗೋಡೆಗೆ ಸುಣ್ಣ ಬಳಿಸಲಾಗಿತ್ತೆಂಬ ಹೇಳಿಕೆಯಿದೆ. ಅದನ್ನು ಮತ್ತೆ ಬರೆಸಿದವನು, 1799ರ ಬಳಿಕ ಈ ಅರಮನೆಯಲ್ಲೇ ತಂಗಿದ್ದ ವೆಲ್ಲೆಸ್ಲಿ. ಮತ್ತೆ ಮಾಸಿದಾಗ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ 1855ರಲ್ಲಿ ಇನ್ನೊಮ್ಮೆ ಬಣ್ಣ ತುಂಬಲಾಯಿತು. ಕಂಪನಿಯ ಸೋಲಿನ ಚಿತ್ರವನ್ನು ಕಂಪನಿಯವರೇ ಎರಡು ಸಲ ಉಳಿಸಿಕೊಟ್ಟಿದ್ದಾರೆ. ಇಂದು ಕಾಣುವ ಗೋಡೆ, ಹಾಗಾಗಿ, ಮೂಲದ ಮೇಲೆ ಹಲವು ಕೈಗಳು ಆಡಿದ ಗೋಡೆ; ರಚನೆ ಮೈಸೂರಿನವರದೇ.

ಕೊಪ್ಪಳ ಸೀಮೆ ಮತ್ತು ಈ ಯುದ್ಧಗಳು

ಕುಕನೂರು, ಯಲಬುರ್ಗಾ, ಕೊಪ್ಪಳದವರಿಗೆ ಶ್ರೀರಂಗಪಟ್ಟಣ ದೂರದ ಊರು. ಯುದ್ಧ ಮಾತ್ರ ಮನೆಬಾಗಿಲಿಗೇ ಬಂದಿತ್ತು. 1786ರಲ್ಲಿ ಟಿಪ್ಪು ಕೊಪ್ಪಳದ ಕೋಟೆಯನ್ನು ಪಾಳೆಯಗಾರನಿಂದ ಪಡೆದು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಹೊಸದಾಗಿ ಕಟ್ಟಿಸಿದ. ಮೂರನೆಯ ಮೈಸೂರು ಯುದ್ಧದಲ್ಲಿ ನಿಜಾಮನ ಸೈನ್ಯ ಕಂಪನಿಯ ಪಡೆಗಳೊಂದಿಗೆ ಈ ಕೋಟೆಯನ್ನು ಮುತ್ತಿತು. 1790ರ ಕೊನೆಯಲ್ಲಿ ಶುರುವಾದ ಮುತ್ತಿಗೆ 1791ರ ಏಪ್ರಿಲ್‌ವರೆಗೆ ಎಳೆಯಿತು. ಮಾರ್ಚಿನಲ್ಲಿ ಬೆಂಗಳೂರು ಕೋಟೆ ಬಿದ್ದ ಮೇಲೆಯೇ ಕೊಪ್ಪಳದವರು ಬಾಗಿಲು ತೆರೆದರು. ಬಹದ್ದೂರಬಂಡಿಯ ಕೋಟೆಯೂ ಆಗಲೇ ಹೋಯಿತು. ಮುತ್ತಿಗೆಯಲ್ಲಿದ್ದ ಜಾನ್ ಮಾಲ್ಕಮ್ ಎಂಬ ತರುಣ ಅಧಿಕಾರಿ, ಅವನೂ ಸ್ಕಾಟ್ಲೆಂಡಿನವನೇ, ತಾನು ಕಂಡ ಕೋಟೆಗಳಲ್ಲೆಲ್ಲ ಇದೇ ಗಟ್ಟಿಯಾದದ್ದೆಂದು ಬರೆದಿದ್ದಾನೆ. ಲಂಡನ್ನಿನ ಯಾವ ದೊಡ್ಡ ಚಿತ್ರಕಾರನೂ ಕೊಪ್ಪಳವನ್ನು ಬರೆಯಲಿಲ್ಲ. ಆರು ತಿಂಗಳ ಹತ್ತಿರ ತಡೆದು ನಿಂತವರಿಗೆ ಗೋಡೆಯೂ ಸಿಗಲಿಲ್ಲ, ಕ್ಯಾನ್ವಾಸೂ ಸಿಗಲಿಲ್ಲ.

ಆ ಬಳಿಕ ಈ ಸೀಮೆ ನಿಜಾಮರ ಪಾಲಾಯಿತು; ಕೊಪ್ಪಳ ಮತ್ತು ಯಲಬುರ್ಗಾ ಮುಂದೆ ಹೈದರಾಬಾದಿನ ಸಾಲಾರ್ ಜಂಗ್ ಮನೆತನದ ಜಹಗೀರಾದವು. ಆಗ ಯಲಬುರ್ಗಾಕ್ಕೆ ಸೇರಿದ್ದ ಕುಕನೂರು ಈಗ ಸ್ವತಂತ್ರ ತಾಲ್ಲೂಕು. 1951ರಲ್ಲಿ ಹೈದರಾಬಾದಿನಲ್ಲಿ ತೆರೆದ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಆ ಮನೆತನ ಕೂಡಿಟ್ಟ ಹತ್ತೊಂಬತ್ತನೆಯ ಶತಮಾನದ ಯುರೋಪಿನ ತೈಲಚಿತ್ರಗಳಿವೆ. ಈ ಎರೆಹೊಲಗಳ ಕಂದಾಯವೂ ಆ ಮನೆತನದ ಬೊಕ್ಕಸಕ್ಕೆ ಸೇರುತ್ತಿತ್ತು. ವಿಕ್ಟೋರಿಯಾ ಕಾಲದ ತೈಲಚಿತ್ರಗಳನ್ನು ನೋಡಬಯಸುವ ಈ ಭಾಗದ ವಿದ್ಯಾರ್ಥಿಗಳಿಗೆ ಎಡಿನ್‌ಬರೊಗಿಂತ ಹೈದರಾಬಾದು ಹತ್ತಿರ, ಹೋಗಿ ನೋಡಬೇಕು.

ಚಿತ್ರದ ಮುಂದಿನ ಬಾಳು

ಜಾನ್ ಬರ್ನೆಟ್ ಕೊರೆದ ಅಚ್ಚಿನಿಂದ ಚಿತ್ರದ ಪ್ರತಿಗಳು ಮನೆಮನೆಗೆ ಹರಡಿದವು. ವಿಲ್ಕಿಯ ಗೆಳೆಯ, ಚಿತ್ರಕಾರ ವಿಲಿಯಂ ಕಾಲಿನ್ಸ್ ತನ್ನ ಮಗನಿಗೆ ವಿಲ್ಕಿಯ ಹೆಸರನ್ನೇ ಇಟ್ಟಿದ್ದ. ಆ ಮಗ, ಕಾದಂಬರಿಕಾರ ವಿಲ್ಕಿ ಕಾಲಿನ್ಸ್, 1868ರಲ್ಲಿ ಬರೆದ ‘ಮೂನ್‌ಸ್ಟೋನ್’ ಕಾದಂಬರಿ ತೆರೆದುಕೊಳ್ಳುವುದು ಶ್ರೀರಂಗಪಟ್ಟಣದ ಕೊಳ್ಳೆಯಿಂದ; ಬೇರ್ಡನೂ ಅಲ್ಲಿ ಬರುತ್ತಾನೆ. ಕನ್ನಡದಲ್ಲಿ ಗಿರೀಶ ಕಾರ್ನಾಡರ ‘ಟಿಪ್ಪು ಸುಲ್ತಾನ ಕಂಡ ಕನಸು’ ನಾಟಕ ಶವ ಹುಡುಕುವ ದೃಶ್ಯವನ್ನು ಮತ್ತೆ ಕಟ್ಟಿ, ನೋಡುಗನನ್ನು ನೆಲದ ಕಡೆಗೆ ನಿಲ್ಲಿಸಿತು. ಕೋಟೆ ಬಿದ್ದು ಇನ್ನೂರು ವರ್ಷವಾದಾಗ, 1999ರಲ್ಲಿ, ಸ್ಕಾಟ್ಲೆಂಡಿನ ರಾಷ್ಟ್ರೀಯ ಚಿತ್ರಶಾಲೆಗಳು ‘ಹುಲಿ ಮತ್ತು ಮುಳ್ಳುಹೂ’ ಎಂಬರ್ಥದ ಹೆಸರಿನಲ್ಲಿ ಟಿಪ್ಪು ಮತ್ತು ಸ್ಕಾಟರ ಸಂಬಂಧದ ಪ್ರದರ್ಶನ ನಡೆಸಿದವು. ಬೇರ್ಡನಿಗೆ ಕಾಣಿಕೆಯಾಗಿ ಬಂದ, ಸುಲ್ತಾನನ ಮಲಗುವ ಕೋಣೆಯದೆಂದು ಹೆಸರಾದ ಕತ್ತಿ 2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ 1.4 ಕೋಟಿ ಪೌಂಡಿಗೆ ಹರಾಜಾಯಿತು. ಶ್ರೀರಂಗಪಟ್ಟಣದಲ್ಲಿ ದೇಹ ಸಿಕ್ಕ ಜಾಗಕ್ಕೆ ಗುರುತಿನ ಕಲ್ಲು ನೆಟ್ಟಿದೆ. ಬೇಯ್ಲಿಯ ಸೆರೆಮನೆ, ಗುಂಬಜ಼್, ದರಿಯಾ ದೌಲತ್ ಮೂರನ್ನೂ ಒಂದೇ ದಿನದಲ್ಲಿ ನೋಡಿ ಬರಬಹುದು.